ಬರಿ ಉಡಿಯಲ್ಲಿ ಕಳಿಸದ ಊರು

ಹುಬ್ಬಳ್ಳಿ–ಧಾರವಾಡ ಒಣಬಂದರು
ಕ್ರಿಸ್ತಶಕ ೨೧೯೧, ಕಾರಹುಣ್ಣಿಮೆಯ ಮರುದಿನ

ನನ್ನ ಊರಿನ ಹಿಂದಿನ ಹಿರಿಯರಿಗೆ ದಾಕ್ಷಾಯಣಿ ಪಂಪಿನ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ಕಂಡು ಗಾಬರಿಯಾಗಬೇಡಿ, ಕೈ ತಪ್ಪಿ ಬರೆದದ್ದಲ್ಲ. ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ಕಾಲದಿಂದ ಬರೆಯುತ್ತಿದ್ದೇನೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಪಂಪಿನ ಎಂಬ ಅಡ್ಡಹೆಸರಿಗೆ ಮಾತ್ರ ನಗುವಂತಿಲ್ಲ. ಬೆಲ್ಲದ, ಮೆಣಸಿನಕಾಯಿ, ಉಳ್ಳಾಗಡ್ಡಿ ಎಂದು ಮನೆತನಕ್ಕೆ ಹೆಸರಿಟ್ಟುಕೊಂಡು ಓಡಾಡುತ್ತಿರುವವರು ನೀವು! ನಮ್ಮ ಓಣಿಯಲ್ಲಿ ಕಂಟೇನರ್ ಮನೆತನದವರಿದ್ದಾರೆ, ವಾಷರ್ ಮನೆತನದವರಿದ್ದಾರೆ. ಹೋದ ವರ್ಷ ಆ ಎರಡು ಮನೆಗಳಿಗೆ ಬೀಗತನವಾಗಿ ಓಣಿಗೆಲ್ಲ ಹೋಳಿಗೆ ಊಟ ಸಿಕ್ಕಿತು.

ಈಗ ನೇರ ವಿಷಯಕ್ಕೆ ಬರುತ್ತೇನೆ, ಸುತ್ತಿ ಬಳಸಿ ಹೇಳುವುದು ನನ್ನ ಜಾಯಮಾನವಲ್ಲ. ನಿಮ್ಮ ಹುಬ್ಬಳ್ಳಿಯಲ್ಲಿ, ಗೋಕುಲ ರಸ್ತೆಯ ಕಾರ್ಖಾನೆಗಳ ಹಿಂಬದಿಯಲ್ಲಿ, ಸಾವಂತ್ರೆವ್ವ ಗಾಳಿ ಎಂಬ ಹೆಂಗಸು ಒಂದು ಎರಕದ ಭಟ್ಟಿ ನಡೆಸುತ್ತಿದ್ದಾಳೆ. ಹೊಲಕ್ಕೆ ನೀರೆತ್ತುವ ಪಂಪು ಮಾಡುತ್ತಾಳೆ. ಅವಳು ಮೊದಲ ಬಾರಿಗೆ ಸಮುದ್ರದಾಚೆ ಕಳಿಸಿದ ಮಾಲು ವಾಪಸು ಬಂದಿದೆ. ಊರು ನಗುತ್ತಿದೆ. ಅವಳು ಭಟ್ಟಿ ಆರಿಸಿ ಬೀಗ ಹಾಕುವ ಯೋಚನೆಯಲ್ಲಿದ್ದಾಳೆ. ಅವಳು ಬೀಗ ಹಾಕಿದರೆ ನಾನು ಕೂತು ಬರೆಯುತ್ತಿರುವ ಈ ಊರು ಹುಟ್ಟುವುದೇ ಇಲ್ಲ. ಇದು ನನ್ನ ಜೀವದ ಪ್ರಶ್ನೆ, ಆದ್ದರಿಂದ ಸ್ವಲ್ಪ ಗಟ್ಟಿಯಾಗಿಯೇ ಮಾತಾಡುತ್ತೇನೆ.

ಮಾಲು ಯಾಕೆ ವಾಪಸು ಬಂತು ಎಂದು ನಿಮಗೆ ಗೊತ್ತಿದೆ, ಚಹಾದಂಗಡಿಯಲ್ಲಿ ಅದನ್ನೇ ಆಡಿಕೊಳ್ಳುತ್ತಿದ್ದೀರಿ. ಪೆಟ್ಟಿಗೆಗಳಿಗೆ ಮೊಳೆ ಹೊಡೆಯುವ ಹೊತ್ತಿಗೆ ಸಾವಂತ್ರೆವ್ವ ಸುತ್ತಿಗೆ ತಡೆದಳು. ತಾನೇ ಅಚ್ಚು ಕಟ್ಟಿ, ಎರಕ ಹೊಯ್ದು, ಉಜ್ಜಿ ಬಣ್ಣ ಬಳಿದ ಪಂಪುಗಳು ದೂರದ ಕಾಣದ ಊರಿಗೆ ಹೊರಟಿವೆ. ಹೆಣ್ಣುಮಕ್ಕಳನ್ನು ನಾವು ಬರಿ ಉಡಿಯಲ್ಲಿ ಕಳಿಸುತ್ತೇವೆಯೇ? ಪ್ರತಿ ಪೆಟ್ಟಿಗೆಗೂ ಅವಳು ಉಡಿ ತುಂಬಿದಳು. ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಮೇಲೊಂದು ಕುಪ್ಪಸದ ಖಣ. ಆಳುಗಳು ಸಾಲಾಗಿ ನಿಂತು ಅರಿಷಿಣ ಕುಂಕುಮ ಹಚ್ಚಿದರು. ಒಬ್ಬರಿಗೂ ಇದು ತಪ್ಪು ಎನ್ನಿಸಲಿಲ್ಲ, ಅನ್ನಿಸುವುದಾದರೂ ಹೇಗೆ? ಸಮುದ್ರದ ಮೇಲೆ ತಿಂಗಳುಗಟ್ಟಲೆ ಸೆಖೆಯಲ್ಲಿ ಕೂತ ಅಕ್ಕಿಯಲ್ಲಿ ನುಸಿ ಹುಟ್ಟಿ, ಕೊಬ್ಬರಿಗೆ ಬೂಷ್ಟು ಹಿಡಿಯಿತು. ಆಫ್ರಿಕದ ಪೂರ್ವ ಕರಾವಳಿಯ ಆ ಬಂದರಿನಲ್ಲಿ ಪೆಟ್ಟಿಗೆ ತೆರೆದ ಅಧಿಕಾರಿಗಳು ನುಸಿ ಕಂಡು ಹೌಹಾರಿದರು. ಪರದೇಶದ ಹುಳ ತಮ್ಮ ಹೊಲಕ್ಕೆ ಇಳಿದರೆ ಗತಿಯೇನು ಎಂಬುದು ಅವರ ಭಯ, ಅದು ನ್ಯಾಯವಾದ ಭಯವೇ. ಇಡೀ ಮಾಲನ್ನು ಹಾಗೇ ತಿರುಗಿಸಿದರು.

ಇಷ್ಟು ನಿಮಗೆ ಗೊತ್ತು. ಮುಂದಿನದು ಗೊತ್ತಿಲ್ಲ, ಕೇಳಿ. ವಾಪಸು ಬಂದ ಪೆಟ್ಟಿಗೆಗಳ ನಡುವೆ ಸಾವಂತ್ರೆವ್ವ ಮಂಕಾಗಿ ಕೂತಿದ್ದಾಗ ಯಾರೋ ಒಬ್ಬರು ಬಂದು ಬಾಗಿಲು ತಟ್ಟಿದರು. ಸಮಾಧಾನ ಹೇಳಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ಅವರು ಹೇಳಿದ್ದು ನಮ್ಮಲ್ಲಿ ಕೂಸಿಗೂ ಬಾಯಿಪಾಠ: "ಅಕ್ಕಿ ಬ್ಯಾಡ ಅಂದ್ರ ಬ್ಯಾರೆ ಏನರ ತುಂಬೂಣ ಬಿಡವಾ. ಅಷ್ಟಕ್ಕ ಬರೀ ಉಡೀಲೆ ಕಳಸಾಕ ಆಗ್ತೈತೇನು? ಚೀಲ ನಾ ಹೊಲಿದ ಕೊಡ್ತೀನಿ." ಸಾವಂತ್ರೆವ್ವ ತಲೆಯೆತ್ತಿ ನೋಡಿದಳು. ತವರಿನಿಂದ ದೂರ ಹೋದ ಪಂಪಿಗೆ ಕಷ್ಟಕಾಲದಲ್ಲಿ ಏನು ಬೇಕಾದೀತು ಎಂದು ಇಬ್ಬರೂ ಕೂತು ಯೋಚಿಸಿದರು. ಸವೆದುಹೋಗುವ ರಬ್ಬರ್ ರಿಂಗುಗಳು, ವಾಷರುಗಳು, ಹೆಚ್ಚಿಗೆ ನಾಲ್ಕು ಬೋಲ್ಟು, ಅವನ್ನು ಬಿಚ್ಚಿ ಬಿಗಿಯಲು ಒಂದು ಪಾನಾ. ಓದು ಬಾರದವರೂ ನೋಡಿ ರಿಪೇರಿ ಮಾಡಲೆಂದು ಬಟ್ಟೆಯ ಮೇಲೆಯೇ ದಾರದಲ್ಲಿ ತೆಗೆದ ಚಿತ್ರಗಳು. ಎಲ್ಲವನ್ನೂ ಖಣದ ಚೀಲದಲ್ಲಿ ಕಟ್ಟಿ ಪೆಟ್ಟಿಗೆಯೊಳಗೆ ಇಟ್ಟರು.

ಆ ಪಂಪುಗಳು ಆ ಸಲ ಬಂದರು ದಾಟಿದವು. ಅಲ್ಲಿನ ನದಿದಂಡೆಯ ಹೊಲಗಳಲ್ಲಿ ಬೇರೆ ಬೇರೆ ದೇಶದ ಪಂಪುಗಳೂ ಇದ್ದವು, ನಮ್ಮದಕ್ಕಿಂತ ಚಂದದವೂ ಇದ್ದವು. ಕೆಟ್ಟಾಗ ಅವು ಬಿಡಿಭಾಗಕ್ಕಾಗಿ ಕಾಯುತ್ತ ಬಿಸಿಲಲ್ಲಿ ಬಿದ್ದಿರುತ್ತಿದ್ದವು. ನಮ್ಮವನ್ನು ಮಾತ್ರ ಹೊಲದವರೇ ಚೀಲ ಬಿಚ್ಚಿ, ಚಿತ್ರ ನೋಡಿ, ಮಧ್ಯಾಹ್ನದ ಊಟದೊಳಗೆ ಎಬ್ಬಿಸಿ ಕೂರಿಸುತ್ತಿದ್ದರು. ಬಾಯಿಂದ ಬಾಯಿಗೆ ಸುದ್ದಿ ಹೋಯಿತು. ಚೀಲವಿರುವ ಪಂಪೇ ಬೇಕು ಎಂದು ಕೇಳಿ ಬಂದ ಬೇಡಿಕೆ ಪೂರೈಸಲು ಸಾವಂತ್ರೆವ್ವನ ಒಂದು ಭಟ್ಟಿ ಎಲ್ಲಿಗೂ ಸಾಲಲಿಲ್ಲ.

ನಮ್ಮ ಊರು ಬೆಳೆದದ್ದು ಆಗ ಅವಳು ಇಟ್ಟ ಎರಡನೇ ಹೆಜ್ಜೆಯಿಂದ. ನಿಮ್ಮ ಕಾಲದಲ್ಲಿ ನೀವು ಒಬ್ಬರಿಗೊಬ್ಬರು ಮಾರಿಕೊಂಡು ಕೂತಿದ್ದೀರಿ. ಎದುರಿನ ಭಟ್ಟಿಯವನು ದರ ಇಳಿಸಿದರೆ ಇವನೂ ಇಳಿಸಬೇಕು, ಇವನು ಇಳಿಸಿದರೆ ಅವನು ಇನ್ನೂ ಕೆಳಗೆ. ಇದ್ದೂರ ದುಡ್ಡೇ ಇದ್ದೂರಲ್ಲಿ ತಿರುಗಿ ಕೊನೆಗೆ ಇಬ್ಬರ ಒಲೆಯೂ ಆರುತ್ತದೆ. ಸಾವಂತ್ರೆವ್ವ ತನ್ನನ್ನು ನೋಡಿ ನಕ್ಕಿದ್ದ ಭಟ್ಟಿಯವರನ್ನೆಲ್ಲ ಕರೆಸಿ ಗಿರಮಿಟ್ ಮಿರ್ಚಿ ತಿನ್ನಿಸಿ, ನಂತರ ಚೆನ್ನಾಗಿ ಬೈದಳಂತೆ: "ಇಲ್ಲೇ ಕಚ್ಚಾಡಿ ಸಾಯಬ್ಯಾಡ್ರೋ ಮಾರಾಯರಾ! ಎಲ್ಲಾರೂ ಒಂದs ಅಳತಿ ರಿಂಗು, ಒಂದs ಅಳತಿ ಬೋಲ್ಟು ಮಾಡ್ರಿ. ಯಾರ ಪಂಪಿಗೆ ಯಾರ ಉಡಿ ಆದ್ರೂ ಕೂಡಬೇಕು." ಗದಗಿನ ಖಣದ ಚೀಲ ಹೊಲಿಯುವವರು, ಬೆಳಗಾವಿಯ ಎರಕದವರು, ಧಾರವಾಡದ ಕಸೂತಿಯವರು ಒಬ್ಬೊಬ್ಬರಾಗಿ ಸೇರಿದರು. ಹೊರಗಿನಿಂದ ಬಂದ ಹಣದಲ್ಲಿ ಮೊದಲು ಕಟ್ಟಿದ್ದು ಮಾಲು ಪರೀಕ್ಷೆ ಮಾಡುವ ಶಾಲೆ. ಆಮೇಲೆ ಎದ್ದದ್ದು ಒಣಬಂದರು. ಹಡಗಿನ ಡಬ್ಬಿಗಳನ್ನು ಇಲ್ಲೇ ತಪಾಸಣೆ ಮಾಡಿ, ಮೊಹರು ಹಾಕಿ, ರೈಲಿನಲ್ಲಿ ಘಟ್ಟ ಇಳಿಸಿ ನೇರ ಹಡಗಿಗೆ ಏರಿಸುವ ನೀರಿಲ್ಲದ ಬಂದರು ಅದು. ಹೆಸರು ಕೇಳಿ ನಕ್ಕವರು ಆಗಲೂ ಇದ್ದರು.

ಈಗ ಹುಬ್ಬಳ್ಳಿ, ಧಾರವಾಡ, ಗದಗಗಳ ನಡುವೆ ಊರು ಎಲ್ಲಿ ಮುಗಿಯಿತು, ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ಬೆಳಿಗ್ಗೆ ರೈಲಿನಲ್ಲಿ ಭಟ್ಟಿಗೆ ಹೋಗುವವರು ಒಂದು ಕಡೆ ಜೋಳದ ಹೊಲ, ಇನ್ನೊಂದು ಕಡೆ ಶಾಲೆ ಎಂದು ಕಿಟಕಿಯಲ್ಲಿ ನೋಡುತ್ತ ಹೋಗುತ್ತಾರೆ. ಹೊಲಗಳನ್ನು ನುಂಗಿ ಊರು ಬೆಳೆಯಬಾರದು ಎಂದು ಹಟ ಹಿಡಿದು ಉಳಿಸಿಕೊಂಡಿದ್ದೇವೆ, ಅದಕ್ಕಾಗಿ ನಾನೂ ಸಾಕಷ್ಟು ಜಗಳಾಡಿದ್ದೇನೆ. ಗಿರಾಕಿ ಎಂಬ ಪದ ನಮ್ಮಲ್ಲಿ ಬಳಕೆ ತಪ್ಪಿದೆ. ಕೊಂಡವರನ್ನು ಬೀಗರು ಎನ್ನುತ್ತೇವೆ, ಮಗಳನ್ನು ಕೊಟ್ಟ ಮೇಲೆ ಮತ್ತೇನನ್ನಬೇಕು? ಪ್ರತಿ ಭಟ್ಟಿಗೂ ಒಂದು ಮಾತುಮನೆ ಇದೆ. ಬೀಗರ ಭಾಷೆ ಕಲಿತವರು ಅಲ್ಲಿ ಕೂತು ಅವರ ದೂರು ಕೇಳುತ್ತಾರೆ, ಬೈಗುಳವನ್ನೂ ಕೇಳುತ್ತಾರೆ. ಹೆಣ್ಣುಮಕ್ಕಳನ್ನು ತವರಿಗೆ ಕರೆಯುವ ಪಂಚಮಿಗೆ ಮುಂಚೆ ನಮ್ಮ ಮೇಸ್ತ್ರಿಗಳು ಬೀಗರ ಊರಿಗೆ ಹೋಗಿ ಪಂಪುಗಳ ಯೋಗಕ್ಷೇಮ ವಿಚಾರಿಸಿ ಬರುವುದಕ್ಕೆ ತವರುಕರೆ ಎಂದು ಹೆಸರು. ದುರ್ಗದಬೈಲಿನಲ್ಲಿ ಸ್ವಾಹಿಲಿ ಮಾತಾಡುತ್ತ ಬದನೆಕಾಯಿ ಚೌಕಾಸಿ ಮಾಡುವವರಿದ್ದಾರೆ. ಅವರ ಮೆಕ್ಕೆಜೋಳದ ಮುದ್ದೆಗೆ ನಮ್ಮ ಝುಣಕ ಹಚ್ಚಿಕೊಂಡು ತಿನ್ನುವ ಖಾನಾವಳಿಗಳಿವೆ, ಬಾಯಿ ಉರಿದರೂ ಯಾರೂ ಬಿಡುವುದಿಲ್ಲ. ಪೋರ್ಚುಗೀಸಿನಲ್ಲಿ ಜಗಳಾಡುವುದನ್ನು ನನ್ನ ಸೊಸೆ ಮಾತುಮನೆಯಲ್ಲಿ ಕಲಿತಳು, ಈಗ ಮನೆಯಲ್ಲಿ ನನ್ನ ಮೇಲೆ ಪ್ರಯೋಗ ಮಾಡುತ್ತಾಳೆ.

ಎಲ್ಲ ಚಿನ್ನವೇ ಎಂದು ನಂಬಿಸಲು ಹೊರಟಿಲ್ಲ. ನಮ್ಮ ಭಟ್ಟಿಗಳ ಹೊಗೆ ಬಹಳ ವರ್ಷ ನಮ್ಮನ್ನು ಕಾಡಿತು. ಮಕ್ಕಳ ಕೆಮ್ಮು ನಿಲ್ಲದಾಗ ಪರಿಹಾರ ಹುಡುಕಿದವರು ನಮ್ಮ ಮೊದಲ ಬೀಗರು, ನುಸಿ ಕಂಡು ಮಾಲು ತಿರುಗಿಸಿದ ಅದೇ ಬಂದರಿನವರು. ನಮ್ಮ ಪಂಪಿನ ನೀರಿನಿಂದ ಹೊಲ ಮಾಡಿ, ಹೊಲದಿಂದ ಶಾಲೆ ಕಟ್ಟಿ, ಶಾಲೆಯಿಂದ ಕಾರ್ಖಾನೆ ಎಬ್ಬಿಸಿ, ಅವರ ಊರೂ ನಮ್ಮಷ್ಟೇ ದೊಡ್ಡದಾಗಿದೆ. ಹೊಗೆ ಸೋಸುವ ಯಂತ್ರವನ್ನು ಈಗ ಅವರು ಮಾಡುತ್ತಾರೆ. ಅದರ ಮೊದಲ ಪೆಟ್ಟಿಗೆಗಳು ನಿನ್ನೆ ಕಾರಹುಣ್ಣಿಮೆಯ ದಿನ ನಮ್ಮ ಒಣಬಂದರಿಗೆ ಬಂದಿಳಿದವು.

ಒಣಬಂದರಿನ ಹಿರಿಯಳಾಗಿ ನಿನ್ನೆ ನನ್ನ ಕೊನೆಯ ದಿನ. ಪೆಟ್ಟಿಗೆಗಳ ಜೊತೆ ರೆಹೆಮಾ ಎಂಬವಳು ಬಂದಿದ್ದಳು, ಆ ಕಾರ್ಖಾನೆಯ ಒಡತಿ. ಊರ ಮಂದಿಯೆಲ್ಲ ಸೇರಿದ್ದರು. ಮೊದಲ ಪೆಟ್ಟಿಗೆ ತೆರೆದರೆ ಒಳಗೆ ಯಂತ್ರದ ಪಕ್ಕದಲ್ಲಿ ಅವರ ಕಡೆಯ ಬಣ್ಣದ ಬಟ್ಟೆಯ ಚೀಲ. ಬಿಡಿಭಾಗ, ಪಾನಾ, ದಾರದ ಚಿತ್ರ. ನನ್ನ ಕಣ್ಣು ತುಂಬಿ ಬಂತು, ಮುಚ್ಚಿಡುವುದೇನಿದೆ. ಆದರೆ ಚೀಲದ ತಳದಲ್ಲಿ ಇನ್ನೂ ಏನೋ ಇತ್ತು. ನಮ್ಮ ತಪಾಸಣೆಯ ಈರಣ್ಣ ಕೈ ಹಾಕಿ ತೆಗೆದ. ಒಂದು ಹಿಡಿ ಜೋಳ! ಈರಣ್ಣ ಕಾನೂನಿನ ಮನುಷ್ಯ, ಮುಖ ಗಂಟಿಕ್ಕಿಕೊಂಡು ಹೇಳಿಯೇಬಿಟ್ಟ: "ತಾಯಿ, ಕಾಳು ಒಳಗ ಬಿಡಾಕ ಬರೂದಿಲ್ರೀ. ನುಸಿ ಆಗ್ತಾವು." ರೆಹೆಮಾ ಸೊಂಟದ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿ, ತವರುಕರೆಗೆ ಹೋದ ನಮ್ಮ ಮೇಸ್ತ್ರಿಗಳಿಂದ ಕಲಿತ ಅಚ್ಚ ಹುಬ್ಬಳ್ಳಿ ಮಾತಿನಲ್ಲಿ ಹೇಳಿದಳು: "ಯಕ್ಕಾ, ನೀವs ಕಲಿಸಿದ್ದಲ್ಲಾ ಇದು? ಅಂದು ನಮ್ಮವರು ನಿಮ್ಮ ಅಕ್ಕಿ ತಿರುಗಿಸಿದ್ರು. ಇವತ್ತು ನೀವು ನಮ್ಮ ಜ್ವಾಳಾ ತಿರುಗಿಸ್ರಿ, ಲೆಕ್ಕ ಸರಿ ಆತು!" ಒಣಬಂದರು ಬಿದ್ದು ಬಿದ್ದು ನಕ್ಕಿತು, ಈರಣ್ಣನೂ ನಕ್ಕ. ಜೋಳವನ್ನು ಬೇರೆ ತೆಗೆದಿಟ್ಟರು, ಚೀಲ ಉಳಿಯಿತು. ನಾನು ಸೆರಗು ಒಡ್ಡಿದೆ. ಊರಿನ ಪರವಾಗಿ, ಸಾವಂತ್ರೆವ್ವನ ಪರವಾಗಿ, ರೆಹೆಮಾಳಿಂದ ಆ ಚೀಲವನ್ನು ಉಡಿಗೆ ತುಂಬಿಸಿಕೊಂಡೆ. ಆ ಹೊತ್ತಿನಲ್ಲಿ ನಮ್ಮ ಊರು ಗೆದ್ದಿತು ಎಂದು ನನಗೆ ಮನಸಾರೆ ಅನ್ನಿಸಿತು.

ನನ್ನ ಕೋರಿಕೆ ಇಷ್ಟೇ. ಸಾವಂತ್ರೆವ್ವನ ಹೆಸರು ನಮ್ಮಲ್ಲಿ ರಸ್ತೆಗಿದೆ, ಆಸ್ಪತ್ರೆಗಿದೆ, ತುಂಟ ಹುಡುಗಿಯರಿಗೂ ಇದೆ. ಅವಳ ಬಾಗಿಲು ತಟ್ಟಿದವರ ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ. ಗಂಡಸೋ ಹೆಂಗಸೋ, ನೆರೆಯವರೋ ದಾರಿಹೋಕರೋ ಗೊತ್ತಿಲ್ಲ. ನಾವು ಹುಡುಕದ ಜಾಗವಿಲ್ಲ. ಹೊಲಿಗೆ ಬರುತ್ತಿತ್ತು ಎಂಬುದನ್ನು ಬಿಟ್ಟರೆ ಏನೂ ಸಿಕ್ಕಿಲ್ಲ. ಒಬ್ಬರು ಹೋದದ್ದು ನಿಜ, ಹೋಗದಿದ್ದರೆ ನಾನಿಲ್ಲ. ಯಾರು ಎಂಬುದು ಉಳಿದಿಲ್ಲವೆಂದ ಮೇಲೆ, ಅದು ನೀವೇ ಯಾಕಾಗಿರಬಾರದು? ನಿನ್ನೆ ಚಹಾದಂಗಡಿಯಲ್ಲಿ ನೀವೂ ನಕ್ಕಿದ್ದರೆ ಅಡ್ಡಿಯಿಲ್ಲ, ನಕ್ಕವರು ಹೋಗಬಾರದೆಂದೇನಿಲ್ಲ.

ಗೋಕುಲ ರಸ್ತೆಯ ಹಿಂಬದಿ, ತಗಡಿನ ಬಾಗಿಲು, ಪಕ್ಕದಲ್ಲಿ ವಾಪಸು ಬಂದ ಪೆಟ್ಟಿಗೆಗಳು. ಕಾಗದವನ್ನು ಮಡಚಿಟ್ಟು ಏಳಿ. ಹೋಗಿ ತಟ್ಟಿ, ಅವಳು ತೆರೆಯುವ ತನಕ ತಟ್ಟಿ. ಮತ್ತೆ, ಬರಿಗೈಯಲ್ಲಿ ಹೋಗಬೇಡಿ. ಒಂದು ತುಂಡು ಖಣ ತೆಗೆದುಕೊಂಡು ಹೋಗಿ.

ನಿಮ್ಮ ಮಗಳು,
ದಾಕ್ಷಾಯಣಿ ಪಂಪಿನ