ಕಂಚಿನಲ್ಲಿ ಅಮ್ಮನ ಮುಖ

ಎರಕದ ಮನೆಯ ಹಿಂದಿನ ಕೋಣೆ,
ಭಾನುವಾರ, ಮಾರ್ಚ್ ೧೪, ೧೯೨೬

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಕೆಮ್ಮು ಮತ್ತೆ ಶುರುವಾಗಿಲ್ಲ ತಾನೆ? ಬಣ್ಣ ಕಲಸಲು ಕೂತರೆ ನಿನಗೆ ಊಟದ ನೆನಪೇ ಇರುವುದಿಲ್ಲ. ಸುದ್ದಿಯನ್ನು ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಹೋದ ಸೋಮವಾರ ಬೆಳಿಗ್ಗೆ ಅಮ್ಮ ತೀರಿಕೊಂಡಳು. ಎದೆಯಲ್ಲಿ ನೀರು ತುಂಬಿತ್ತು ಎಂದರು ಡಾಕ್ಟರು.

ನೀನು ಮಾಡಿ ಬಿಟ್ಟುಹೋದ ಅಮ್ಮನ ತಲೆಯ ಪ್ರತಿಮೆಯ ವಿಷಯ ಹೇಳಬೇಕು. ಜನ್ಮವಿಡೀ ಚಿತ್ರ ಬರೆದ ನೀನು, ಅಮ್ಮನ ಕಣ್ಣು ಪೂರ್ತಿ ಹೋದ ಮೇಲೆ, ಅವಳ ಕೈಗೆ ಸಿಗುವಂಥದ್ದೊಂದು ಮಾಡುತ್ತೇನೆಂದು ಮೊದಲ ಸಲ ಜೇಡಿಮಣ್ಣು ಹಿಡಿದೆ. ಅವಳದೇ ಮುಖ, ಆದರೆ ನಿನ್ನ ಚಿತ್ರಗಳ ಹಾಗೆಯೇ ಎಲ್ಲ ಚಪ್ಪಟೆ, ಎಲ್ಲ ಚೂಪು, ಮೂಗು ಒಂದು ಕಡೆಗೆ, ಬಾಯಿ ಇನ್ನೊಂದು ಕಡೆಗೆ. ಅದರ ಅಚ್ಚಿನಲ್ಲಿ ಹೊಯ್ದ ಪ್ಲಾಸ್ಟರ್ ಒಣಗಿದ ದಿನ ಅಮ್ಮ ಸವರಿ ನೋಡಿ, "ಅಯ್ಯೋ, ನನ್ನ ಮುಖದಲ್ಲಿ ಇಷ್ಟೊಂದು ಮೂಲೆ ಇದ್ಯೇನೋ?" ಎಂದು ನಕ್ಕಳು. ನಿನ್ನ ಚಿತ್ರಗಳ ಪ್ರದರ್ಶನದಲ್ಲಿ ಜನ ನಕ್ಕ ಗಾಯ ನಿನಗಿನ್ನೂ ಹಸಿಯಾಗಿತ್ತು. ಮರುದಿನವೇ ಗಂಟುಮೂಟೆ ಕಟ್ಟಿ ಹೊರಟುಹೋದೆ. ತಮಾಷೆಗೆ ಅಂದದ್ದು ಅಣ್ಣಾ. ಅವಳು ಯಾರನ್ನು ತಾನೆ ಗೇಲಿ ಮಾಡದೆ ಬಿಟ್ಟಿದ್ದಳು?

ಆಮೇಲೆ ನಾನೇ ಅದನ್ನು ಕಂಚಿನಲ್ಲಿ ಎರಕ ಹೊಯ್ದೆ. ನಮ್ಮ ಮೇಸ್ತ್ರಿ, "ಇದು ತಲೆಯೋ, ಮೆಟ್ಟಿಲಿಂದ ಬಿದ್ದ ಪೆಟ್ಟಿಗೆಯೋ?" ಎಂದರು. ಅಂಚುಗಳನ್ನು ಅರದಿಂದ ಉಜ್ಜಿ ನಯ ಮಾಡೋಣವೆಂದು ನನಗೂ ಅನ್ನಿಸಿತ್ತು, ಅಮ್ಮ ಬಿಡಲಿಲ್ಲ. ದಿನಾ ಮಧ್ಯಾಹ್ನ ನನ್ನ ತೋಳು ಹಿಡಿದು ಇಲ್ಲಿಗೆ ಬರುತ್ತಿದ್ದಳು. ಬಲಗೈ ಕಂಚಿನ ಮೇಲೆ, ಎಡಗೈ ತನ್ನ ಕೆನ್ನೆಯ ಮೇಲೆ. ಎಷ್ಟೋ ದಿನ ಸುಮ್ಮನೆ ಸವರಿದಳು. ಒಂದು ದಿನ ಬೆರಳು ನಿಂತಿತು. "ಲೋ, ಇಲ್ಲಿ ನಾನು ಬಯ್ತಾ ಇದ್ದೀನಿ. ಈ ಕಡೆಯಿಂದ ಮುಟ್ಟಿದ್ರೆ ಅಳ್ತಾ ಇದ್ದೀನಿ. ಎರಡನ್ನೂ ಒಟ್ಟಿಗೇ ನೋಡಿದಾನೆ ಅವನು. ನಿಮ್ಮಪ್ಪನಿಗೆ ಇಡೀ ಜನ್ಮದಲ್ಲಿ ಒಂದೂ ಕಾಣ್ಲಿಲ್ಲ!" ಎಂದು ನಕ್ಕಳು, ನಗುತ್ತಲೇ ಅತ್ತಳು. ಮೇಸ್ತ್ರಿ ಕುಲುಮೆಯ ಕಡೆ ಮುಖ ತಿರುಗಿಸಿಕೊಂಡರು.

ಅವಳು ಹಾಸಿಗೆ ಹಿಡಿದ ಮೇಲೆ ಅದನ್ನು ಮನೆಗೇ ಹೊತ್ತುಕೊಂಡು ಹೋದೆ. ಕಂಚು ತಣ್ಣಗಿರುತ್ತದೆಂದು ತನ್ನ ಶಾಲು ಹೊದಿಸಿ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದಳು. ಸವರಿ ಸವರಿ ಎಡಗೆನ್ನೆಯೊಂದು ಚಿನ್ನದ ಹಾಗೆ ಹೊಳೆಯುತ್ತಿದೆ; ಉಳಿದದ್ದೆಲ್ಲ ಕಂದು. ಬಂದು ತೆಗೆದುಕೊಂಡು ಹೋಗು. ಇಲ್ಲವೇ ಬಂದು ಇಲ್ಲೇ ಇರು. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಮ್ಮ,
ಮಸಿಮೂತಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ನಿನ್ನ ವಿಳಾಸ ಬಣ್ಣದ ಅಂಗಡಿಯವರಿಂದ ಎರಡು ತಿಂಗಳ ಹಿಂದೆಯೇ ಸಿಕ್ಕಿತ್ತು. "ಅವನಿಗೆ ಬರೆದ್ಯಾ?" ಎಂದು ಅಮ್ಮ ಕೇಳಿದಾಗಲೆಲ್ಲ "ಬರೆದಿದ್ದೀನಮ್ಮ" ಎಂದೆ. ಬರೆದಿರಲಿಲ್ಲ. ನೀನು ಬಂದರೆ ನಾನು ಅವಳಿಗೆ ಬೇಡವಾಗುತ್ತೇನೆಂಬ ಹೊಟ್ಟೆಕಿಚ್ಚು. ಕೊನೆಯ ಬೆಳಿಗ್ಗೆ ಅವಳು, "ಪಾಪ, ಇನ್ನೂ ಸಿಟ್ಟು ಇಳಿದಿಲ್ಲ ಅವನಿಗೆ" ಅಂದಳು. ಆಗಲೂ ನಾನು ಬಾಯಿ ಬಿಡಲಿಲ್ಲ.