ಮನೆ ತುಂಬ ಮೊಲಗಳು

ಅಕ್ಕಾ,

ನಾನು ಚೆನ್ನಾಗಿದ್ದೇನೆ. ಮೊನ್ನೆ ಕೆಲಸದಲ್ಲಿ ಇಸ್ತ್ರಿ ಮೇಜಿನ ಹತ್ತಿರ ತಲೆಸುತ್ತಿ ಬಿದ್ದೆ, ಅಷ್ಟೇ. ಎಚ್ಚರವಾದಾಗ ಮೇಸ್ತ್ರಿ, "ಏನಾಯ್ತಮ್ಮಾ?" ಅಂದರು. ಬಾಯಿತಪ್ಪಿ, "ಸೇಬಿನೊಳಗೆ ಬಿದ್ದೆ" ಅಂದುಬಿಟ್ಟೆ. ಪಾಪ, ಅವರು ಬಗ್ಗಿ ಮೇಜಿನ ಕೆಳಗೆಲ್ಲ ಹುಡುಕಿದರು. ಮೂರ್ಛೆ ಹೋಗುವುದಕ್ಕೆ ಫ್ರೆಂಚರು ಹಾಗನ್ನುತ್ತಾರೆ ಎಂದು ಅವರಿಗೇನು ಗೊತ್ತು? ಸಂಜೆ ಕ್ಲಾಸಿನಲ್ಲಿ ಕಲಿತ ಅಂಥ ಮಾತುಗಳನ್ನೆಲ್ಲ ಕನ್ನಡದಲ್ಲೇ ಆಡಿಕೊಂಡು ನಗುತ್ತಿದ್ದವರು ನಾವಿಬ್ಬರೇ. ಈಗ ಆ ಭಾಷೆಗೆ ನಾನೊಬ್ಬಳೇ ಗಿರಾಕಿ.

ಗುರುವಾರ ಆಸ್ಪತ್ರೆಯಲ್ಲಿ ಏನೋ ಪರೀಕ್ಷೆ ಇದೆ. "ಮನೆಯವರು ಯಾರಾದ್ರೂ ಜೊತೇಲಿರ್ಲೇಬೇಕು" ಅಂದರು ಡಾಕ್ಟರು. ನಿನ್ನ ಹೆಸರು ಹೇಳಿದ್ದೇನೆ. ಭಾವನ ಊಟಕ್ಕೆ ತೊಂದರೆಯಾಗುವುದಾದರೆ ಸಂಜೆಯೇ ಹೊರಟುಬಿಡು, ನಾನು ತಡೆಯುವುದಿಲ್ಲ. ನಿನ್ನ ಹಾಸಿಗೆಗೆ ಒಗೆದ ಹೊದಿಕೆ ಹಾಸಿಟ್ಟಿದ್ದೇನೆ, ಯಾವುದಕ್ಕೂ ಇರಲಿ ಅಂತ.

ಬರುತ್ತೇನೆಂದು ಹೇಳಿ ಬಾರದಿರುವುದಕ್ಕೆ ಫ್ರೆಂಚಿನಲ್ಲಿ ‘ಮೊಲ ಇಡುವುದು’ ಅನ್ನುತ್ತಾರೆಂದು ನನಗೆ ಮೊದಲು ಹೇಳಿಕೊಟ್ಟವಳು ನೀನೇ. ನಿನ್ನ ಮದುವೆಯಾದಾಗಿನಿಂದ ನೀನಿಟ್ಟ ಮೊಲಗಳೇ ಮನೆ ತುಂಬ ಓಡಾಡಿಕೊಂಡಿವೆ, ಅಕ್ಕ. ಒಂದೂ ಮಾತಾಡುವುದಿಲ್ಲ.

ಗುರುವಾರ ಬಾ.

ನಿನ್ನ ತಂಗಿ