ಗಾಡಿ ಓಡಿಸ್ತಾ ಇದ್ದೀರಾ?

…ಅಂತ ನೀನು ಅವತ್ತು ಕೇಳಿದ್ದಿಯಲ್ಲ… ಅದಲ್ಲ, ಹೀಗೆ ಶುರು ಮಾಡಿದ ವಾಯ್ಸನ್ನೂ ಅಳಿಸಿಬಿಟ್ಟೆ. ಕ್ಷಮಿಸು ಝೀನತ್, ಪುನಃ ಶುರುವಿನಿಂದ ಹೇಳ್ತೇನೆ. ಮೊದಲನೆಯದರಲ್ಲಿ ಬರೀ ಇಲ್ಲಿನ ಚಳಿಯ ಸುದ್ದಿಯೇ ಆಯ್ತು. ಆಮೇಲಿನದರಲ್ಲಿ ಗಾಳಿಯ ಸದ್ದು ಜಾಸ್ತಿ, ನನ್ನ ಸ್ವರ ಕಡಿಮೆ. ಈಗ ಅಳಿಸಿದ್ದರಲ್ಲಿ ನಿನ್ನ ಮೇಲೆ ಸ್ವಲ್ಪ ಸಿಟ್ಟು ಬಂದಿತ್ತು. ಇದನ್ನು ಹೇಗಿದ್ದರೂ ಕಳಿಸುತ್ತೇನೆ.

ಪ್ರೀತಿಯ ಝೀನತ್‌ಗೆ ಸಿರಾಜುದ್ದೀನ್ ಮಾಡುವ ಸಲಾಂ. ಊರು ಗಲ್ಫಿನ ಹಫ್ರ್ ಅಲ್ ಬಾತಿನ್, ತಿಂಗಳು ಜನವರಿ, ಶುಕ್ರವಾರ. ಜುಮಾ ನಮಾಜ್ ಮುಗಿಸಿ ಬಂದು ಪಿಕಪ್‌ನಲ್ಲಿ ಕೂತಿದ್ದೇನೆ. ಮೊದಲೆಲ್ಲ ಕಾಗದದ ಬಲಬದಿಗೆ ಮೇಲೆ ಹೀಗೆ ಬರೀತಿದ್ದೆ ಅಲ್ವಾ, ಅದಕ್ಕೆ ಹೇಳಿದ್ದು. ನಮ್ಮ ಬ್ಯಾರಿ ಭಾಷೆ ಬಿಟ್ಟು ಕನ್ನಡದಲ್ಲಿ ಯಾಕೆ ಮಾತಾಡ್ತಾನೆ ಅಂತ ನಗಬೇಡ. ಮದುವೆಯ ಹೊಸತರಲ್ಲಿ ನಾವು ಕಾಗದ ಬರೆದದ್ದೆಲ್ಲ ಕನ್ನಡದಲ್ಲೇ. ನನ್ನ ತಪ್ಪುಗಳಿಗೆ ನೀನು ಕೆಂಪು ಪೆನ್ನಲ್ಲಿ ಗೆರೆ ಹಾಕಿ ತಿರುಗಿ ಕಳಿಸ್ತಿದ್ದಿ, ಮಾರಾಯ್ತಿ! ಮತ್ತೆ, ಬ್ಯಾರಿಯಲ್ಲಿ ಹೇಳ್ಲಿಕ್ಕೆ ಹೋದರೆ ನನಗೆ ಅಳು ಬರ್ತದೆ. ಕನ್ನಡದಲ್ಲಾದರೆ ಶಾಲೆಯಲ್ಲಿ ಎದ್ದು ನಿಂತು ಪಾಠ ಒಪ್ಪಿಸಿದ ಹಾಗೆ ಸ್ವಲ್ಪ ನೇರ ನಿಲ್ಲಬಹುದು.

ನೀನು ಫೋನ್ ಎತ್ತುವುದಿಲ್ಲ. ಎತ್ತು ಅಂತ ಹೇಳುವ ಮುಖ ನನಗಿಲ್ಲ. ವಾಯ್ಸ್ ಕಳಿಸಿದರೆ ಕೇಳ್ತಾಳೆ ಅಂತ ನಮ್ಮ ಮಗಳು ಹಸ್ನಾ ಹೇಳಿದಳು. "ಅಬ್ಬ, ಉಮ್ಮ ಮೀನು ಕೊಯ್ಯುವಾಗ ಕೇಳ್ತಾರೆ, ಕೈಗೆ ಮೀನಿನ ನೀರು ಇರ್ತದಲ್ಲ, ಆಫ್ ಮಾಡ್ಲಿಕ್ಕೆ ಆಗುವುದಿಲ್ಲ" ಅಂತ. ಹಾಗಾದರೆ ದೊಡ್ಡ ಮೀನು ತಂದಿಟ್ಟುಕೋ. ಇದು ಉದ್ದ ಉಂಟು.

ಮೊದಲು ಕೇಳಬೇಕಾದ್ದನ್ನು ಕೇಳಿಬಿಡ್ತೇನೆ. ನನ್ನ ಧಣಿ ಕಫೀಲ್ ವೀಸಾ ಮುಗಿಸಿ ಫೈನಲ್ ಎಕ್ಸಿಟ್ ಕೊಟ್ಟಿದ್ದಾನೆ. ಇನ್ನು ಈ ದೇಶದಲ್ಲಿ ನನಗೆ ಕೆಲಸ ಇಲ್ಲ. ಬರುವ ವಾರ ಬಜ್ಪೆ ಏರ್‌ಪೋರ್ಟಿನಲ್ಲಿ ಇಳೀತೇನೆ. ಟ್ಯಾಕ್ಸಿಯವನಿಗೆ ಉಳ್ಳಾಲ ಅಂತ ಹೇಳಬೇಕಾ, ವಿಟ್ಲ ಅಂತ ಹೇಳಬೇಕಾ? ಉಳ್ಳಾಲದ ಮನೆಗೆ ನೀನು ಬೀಗ ಹಾಕಿ ವಿಟ್ಲದ ತಾಯಿಮನೆಗೆ ಹೋದದ್ದು ನನ್ನ ಒಂದು ಮಾತಿನಿಂದ. "ನನ್ನ ಉಮ್ಮನ ಮುಖ ತೋರಿಸದವಳ ಮುಖ ನನಗೆ ಬೇಡ" ಅಂತ ಬಾಗಿಲಲ್ಲಿ ನಿಂತು ಹೇಳಿ ಬಂದವ ನಾನು. ಹಾಗಾಗಿ ನಾನೇ ತೀರ್ಮಾನ ಮಾಡುವುದು ಸರಿಯಲ್ಲ. ನೀನು ಹೇಳು. ಆದರೆ ಇದನ್ನು ಪೂರ್ತಿ ಕೇಳಿದ ಮೇಲೆ ಹೇಳು.

ಹನಾದಾನ ವಿಷಯ ನಿನಗೆ ಗೊತ್ತುಂಟಲ್ಲ? ಜಪಾನಿನವ, ರೇಸ್ ಗಾಡಿ ಓಡಿಸುವವ. ನಾವು ಮಾತಾಡ್ತಿದ್ದ ಕಾಲದಲ್ಲಿ ಹೇಳಿದ್ದೆ. ಪ್ರತೀ ಜನವರಿ ಇಲ್ಲಿ ಮರಳಲ್ಲಿ ರ‍್ಯಾಲಿ ಆಗುವಾಗ ಅವನ ತಂಡಕ್ಕೆ ನನ್ನನ್ನೂ ಈ ಪಿಕಪ್ಪನ್ನೂ ಕಫೀಲ್ ಬಾಡಿಗೆಗೆ ಕೊಡ್ತಾನೆ. ನೀರು, ಟಯರು, ಕುರ್ಚಿ, ಎಲ್ಲ ಹೊತ್ತುಕೊಂಡು ಕ್ಯಾಂಪಿನಿಂದ ಕ್ಯಾಂಪಿಗೆ ಹೋಗುವುದು. ಅವನಿಗೂ ನನ್ನದೇ ಪ್ರಾಯ. ಅವನ ಇಂಗ್ಲಿಷೂ ನನ್ನ ಇಂಗ್ಲಿಷಿನ ಹಾಗೆ ಬಡಕಲು. ಹಾಗಾಗಿ ನಮಗಿಬ್ಬರಿಗೂ ಚೆನ್ನಾಗಿ ಅರ್ಥ ಆಗ್ತದೆ.

ಅವನ ಅಪ್ಪ ಒಂದು ಸಣ್ಣ ಬಂದರಿನಲ್ಲಿ ಬೋಟ್ ಎಂಜಿನ್ ರಿಪೇರಿ ಮಾಡ್ತಿದ್ದದ್ದು. ನಮ್ಮ ದಕ್ಕೆಯಲ್ಲಿ ಮೈಯೆಲ್ಲ ಗ್ರೀಸ್ ಮಾಡಿಕೊಂಡು ಬೋಟಿನ ಹೊಟ್ಟೆಯೊಳಗೆ ಇಳೀತಾರಲ್ಲ, ಅಂಥವರು. ಆ ಅಪ್ಪ, ಹಳೇ ನೀರಿನ ಪಂಪಿನ ಎಂಜಿನ್ ಹಾಕಿ ಮಗನಿಗೆ ಒಂದು ಪುಟ್ಟ ಗಾಡಿ ಮಾಡಿಕೊಟ್ಟರಂತೆ. ಮೀನು ಮಾರ್ಕೆಟ್ ಖಾಲಿಯಾದ ಮೇಲೆ ಅದೇ ಒದ್ದೆ ನೆಲದಲ್ಲಿ ಹುಡುಗ ಸುತ್ತು ಹೊಡೆಯುವುದು, ಅಪ್ಪ ಬುಟ್ಟಿ ಕವುಚಿ ಅದರ ಮೇಲೆ ಕೂತು, ಕಣ್ಣು ಮುಚ್ಚಿ ಸದ್ದು ಕೇಳುವುದು. "ನಿನ್ನನ್ನು ನೋಡುವುದೆಂತಕ್ಕೆ, ಕೇಳಿದರೆ ಸಾಕು" ಅಂತ ಹೇಳ್ತಿದ್ದರಂತೆ.

ಅಲ್ಲಿಂದ ಶುರುವಾಗಿ ಅವ ಯುರೋಪಿಗೆ ಹೋದ. ಕೆಟಲಿನಲ್ಲಿ ಅನ್ನ ಬೇಯಿಸಿಕೊಂಡು ಸಣ್ಣ ಸಣ್ಣ ರೇಸ್ ಗೆದ್ದ. ದೊಡ್ಡ ತಂಡದವರು ಕರೆದರು. ಆಹಾ ಅಂತ ಹೋದರೆ, ರೇಸ್ ಓಡಿಸ್ಲಿಕ್ಕಲ್ಲ, ಟೆಸ್ಟ್ ಮಾಡ್ಲಿಕ್ಕೆ. ಚಳಿಗಾಲವಿಡೀ ಖಾಲಿ ಟ್ರ್ಯಾಕಿನಲ್ಲಿ ಇವ ಗಾಡಿ ಓಡಿಸಿ ಹದ ಮಾಡಿ ಕೊಡುವುದು, ಬೇಸಿಗೆಯಲ್ಲಿ ಜನ ಸೇರಿದಾಗ ಅದರಲ್ಲಿ ಇನ್ನೊಬ್ಬ ಕೂರುವುದು. ಅದನ್ನು ಅವ ಹೇಳಿದಾಗ ನಾನು ನಕ್ಕೆ. ನಾವು ಗಲ್ಫಿನವರು ಮನೆ ಕಟ್ಟಿಸಿ, ಟೈಲ್ಸ್ ಹಾಕಿಸಿ, ಆ ಟೈಲ್ಸಿನ ಮೇಲೆ ನಡೆಯುವುದು ಬೇರೆಯವರಲ್ವಾ ಅಂದೆ. ಅವನಿಗೆ ಅರ್ಥವಾಗ್ಲಿಕ್ಕೆ ಸ್ವಲ್ಪ ಹೊತ್ತು ಬೇಕಾಯ್ತು. ಆಮೇಲೆ ಅವನೂ ನಕ್ಕ.

ದೊಡ್ಡ ರೇಸಿನಲ್ಲಿ ಕೂರುವ ದಿನ ಬರಲೇ ಇಲ್ಲ. ತಿರುಗಿ ಊರಿಗೆ ಹೋಗಿ, ಮೂವರು ಸರದಿಯಲ್ಲಿ ಓಡಿಸುವ ಉದ್ದದ ರೇಸುಗಳಿಗೆ ಸೇರಿದ. ಒಮ್ಮೆ ಇವರ ಗಾಡಿಯೇ ಮುಂದೆ ಇತ್ತಂತೆ. ಅಪ್ಪ ಮನೆಯಲ್ಲಿ ಟೀವಿಯ ಸದ್ದು ಕೇಳಿಯೇ "ಗೇರ್‌ಬಾಕ್ಸ್ ಹೋಯ್ತು" ಅಂದರಂತೆ. ಮುಂದಿನ ಸುತ್ತಿನಲ್ಲಿ ಗಾಡಿ ನಿಂತಿತು. ಆಮೇಲೊಮ್ಮೆ ಗೋಡೆಗೆ ಹೊಡೆದು ಎಡಗೈ ಮುರಿಯಿತು. ವಾಸಿಯಾಗಿ ಬರುವಾಗ ಅವನ ಸೀಟಿನಲ್ಲಿ ಎಳೆಯರು ಕೂತಾಗಿತ್ತು. ಕೊನೆಗೆ ಪ್ರಾಯವಾದವರೂ ಓಡಿಸಬಹುದಾದ ಜಾಗ ಅಂತ ಈ ಮರಳಿಗೆ ಬಂದದ್ದು. ಇಲ್ಲೂ ಎರಡನೆಯವ, ಮೂರನೆಯವ, ಪುನಃ ಎರಡನೆಯವ. "ಇಷ್ಟು ವರ್ಷ ಓಡಿಸಿ ಒಂದು ಸರಿಯಾದ ಕಪ್ ಇಲ್ವಾ ಮಾರಾಯ?" ಅಂತ ನಮ್ಮ ಕ್ಯಾಂಪಿನ ಅಡುಗೆಯ ಅದ್ದು ಕೇಳಿದ. ಹನಾದಾ ಟೀ ಕಪ್ ಎತ್ತಿ ತೋರಿಸಿದ. ಈ ವರ್ಷ ಅವನ ಕೊನೆಯದು. ನನ್ನ ಹಾಗೆ.

ಅವನ ಅಪ್ಪನಿಗೆ ಸ್ಟ್ರೋಕ್ ಆಗಿ ಮಾತು ಹೋಗಿತ್ತು. ಊರಿನ ಆಸ್ಪತ್ರೆಯಲ್ಲಿ ಅವನ ತಂಗಿ ನೋಡಿಕೊಳ್ತಿದ್ದಳು. ದಿನಾ ಮಧ್ಯಾಹ್ನ ಇಳಿದು ಅಸರ್ ಬಾಂಗಿನ ಹೊತ್ತಿಗೆ ಅವ ಕ್ಯಾಂಪಿಗೆ ತಲುಪಿದ ಕೂಡಲೇ ವಿಡಿಯೋ ಕಾಲ್. ಅವ ಗಾಡಿಯಿಂದ ಇಳಿಯುವುದಿಲ್ಲ. ಬಾನೆಟ್ ತೆಗೆದು, ನಾನು ಎಂಜಿನ್ ಹತ್ತಿರ ಫೋನ್ ಹಿಡಿಯಬೇಕು, ಅವ ಆಕ್ಸಿಲರೇಟರ್ ಒತ್ತಬೇಕು. ಮೆಕ್ಯಾನಿಕ್‌ಗಳಿಗೆ ಪುರುಸೊತ್ತಿಲ್ಲ, ಹಾಗಾಗಿ ಆ ಕೆಲಸ ನನ್ನದು. ಪರದೆಯಲ್ಲಿ ಆ ಮುದುಕರು ಕಣ್ಣು ಮುಚ್ಚಿ ಕೇಳ್ತಾರೆ. ಕೇಳಿ ಒಂದು ಬೆರಳು ಎತ್ತುತ್ತಾರೆ. ಅವರಿಗೆ ಎತ್ತಲಿಕ್ಕೆ ಆಗುವುದು ಅದೊಂದೇ. ಇನ್ನೊಮ್ಮೆ ಅಂತ ಅರ್ಥ. ನಾನೂ ಗ್ಲಾಸಿನಾಚೆ ಹನಾದಾನಿಗೆ ಬೆರಳು ತೋರಿಸ್ತೇನೆ. ಯಾವಾಗಲೂ ಮೂರು ಸಲ. ಮೂರನೆಯದಾದ ಮೇಲೆ ಬೆರಳು ಏಳುವುದಿಲ್ಲ, ಮುಖ ಸಮಾಧಾನ ಆಗ್ತದೆ.

ಮೊನ್ನೆ ಬುಧವಾರ ಹನಾದಾ ಎಲ್ಲರಿಗಿಂತ ಮುಂದೆ ಇದ್ದ. ಒಂದೇ ದಿನದ ಓಟ ಬಾಕಿ. ಕ್ಯಾಂಪಿನಲ್ಲಿ ಹಬ್ಬದ ಹಾಗೆ. ನಾನು ಫೋನ್ ಹಿಡಿದೆ, ಅವ ಒತ್ತಿದ. ಪರದೆಯಲ್ಲಿ ಹಾಸಿಗೆ ಮಾತ್ರ ಇತ್ತು, ಝೀನತ್. ಚಾದರ ಮಡಚಿ ಇಟ್ಟಿದ್ದರು. ತಂಗಿ ಮುಖ ಕಾಣಿಸಿದಳು, ಕಣ್ಣು ಬೀಗಿತ್ತು. ಎಂಜಿನ್ ಸದ್ದಿನಲ್ಲಿ ಎಂತ ಹೇಳಿದರೂ ಕೇಳುವ ಹಾಗಿಲ್ಲ, ಕೇಳಿದರೂ ಅವಳ ಭಾಷೆ ನನಗೆ ಬರುವುದಿಲ್ಲ. ಅವಳು ಎರಡು ಕೈ ಜೋಡಿಸಿದಳು. ಮತ್ತೆ ತುಟಿಯ ಮೇಲೆ ಬೆರಳಿಟ್ಟಳು.

ಗ್ಲಾಸಿನಾಚೆ ಹನಾದಾ ನನ್ನನ್ನೇ ನೋಡ್ತಾ ಇದ್ದ. ಅಪ್ಪ ಎಂತ ಹೇಳಿದರು ಅಂತ. ನಾನು ಒಂದು ಬೆರಳು ಎತ್ತಿದೆ. ಅವ ಪುನಃ ಒತ್ತಿದ. ಖಾಲಿ ಹಾಸಿಗೆಗೆ ಎಂಜಿನ್ ಕೇಳಿಸ್ತಾ ನಾನು ನಿಂತಿದ್ದೆ. ಆ ತಂಗಿ ಬಾಯಿಗೆ ಬಟ್ಟೆ ಹಿಡಿದು ಅಳ್ತಾ ಇದ್ದಳು. ನನಗೆ ಇನ್ನೊಮ್ಮೆ ಬೆರಳೆತ್ತಲಿಕ್ಕೆ ಆಗಲಿಲ್ಲ. ಹೆಬ್ಬೆರಳು ತೋರಿಸಿ, ಎಲ್ಲ ಸರಿ ಉಂಟು ಅಂತ ನಕ್ಕು, ಕಾಲ್ ಕಟ್ ಮಾಡಿದೆ.

ಆವಾಗ ನನಗೆ ಕಂಡದ್ದು ನೀನು.

ನನ್ನ ಉಮ್ಮ ಹೋದ ದಿನ ನಾನು ಜುಬೈಲಿನಿಂದ ಸಾಮಾನು ಹೇರಿಕೊಂಡು ಇಲ್ಲಿಗೆ ಬರ್ತಾ ಇದ್ದೆ. ನೀನು ಫೋನ್ ಮಾಡಿ ಮೊದಲು ಕೇಳಿದ್ದು, "ಗಾಡಿ ಓಡಿಸ್ತಾ ಇದ್ದೀರಾ?" ಅಂತ. ನಮ್ಮ ಡ್ರೈವರ್‌ಗಳ ಮನೆಯ ಹೆಂಗಸರೆಲ್ಲ ಮೊದಲು ಕೇಳುವುದೇ ಅದು. ಸ್ಟೇರಿಂಗ್ ಹಿಡಿದವನಿಗೆ ಸಾವಿನ ಸುದ್ದಿ ಹೇಳುವುದಿಲ್ಲ. ಹೌದು ಅಂದೆ. "ಉಮ್ಮ ಮಲಗಿದ್ದಾರೆ, ತಲುಪಿದ ಮೇಲೆ ಫೋನ್ ಮಾಡಿ" ಅಂದೆ ನೀನು. ತಲುಪುವಾಗ ಸುಸ್ತಾಗಿತ್ತು, ಹಾಗೇ ಮಲಗಿದೆ. ಮರುದಿನ ಅದ್ದು ಊರಿನ ಗ್ರೂಪಿನಲ್ಲಿ ನೋಡಿಕೊಂಡು ಬಂದು, ನನ್ನ ಕೈ ಹಿಡಿದು ಅತ್ತ. ಅಷ್ಟರಲ್ಲಿ ದಫನ ಆಗಿತ್ತು. ಇಲ್ಲಿಯ ಎಷ್ಟೋ ಜನ ವಿಡಿಯೋದಲ್ಲಾದರೂ ಕೊನೆಯ ಸಲ ಮುಖ ನೋಡ್ತಾರೆ, ನನಗೆ ಅದೂ ಸಿಗಲಿಲ್ಲ. ಆ ಸಿಟ್ಟನ್ನು ಹೊತ್ತುಕೊಂಡೇ ನಾನು ಊರಿಗೆ ಬಂದದ್ದು. ಉಮ್ಮನ ಬಾಯಿಗೆ ಗಂಜಿ ಹಾಕಿದವಳು ನೀನು, ಮೈ ತೊಳೆದವಳು ನೀನು. ಅದೆಲ್ಲ ನನ್ನ ಲೆಕ್ಕಕ್ಕೆ ಬರಲೇ ಇಲ್ಲ.

ನಿನ್ನೆ ಕೊನೆಯ ಓಟ. ಹನಾದಾನ ಗಾಡಿ ಮೃದು ಮರಳಿನಲ್ಲಿ ಹೂತು, ಅವನೂ ಪಕ್ಕದಲ್ಲಿ ಕೂತು ದಾರಿ ಹೇಳುವವನೂ ಇಳಿದು ಕೈಯಿಂದ ಮರಳು ಬಾಚುವಾಗ ಇನ್ನೊಬ್ಬ ದಾಟಿ ಹೋದ. ಪುನಃ ಎರಡನೆಯವ. ಬಹುಮಾನ ಕೊಟ್ಟು, ಫೋಟೋ ತೆಗೆದು ಎಲ್ಲ ಮುಗಿದ ಮೇಲೆ ನಾನು ಹೇಳಬೇಕು ಅಂತ ಬಾಯಿ ತೆರೆದೆ. ಅವ ನನ್ನ ಹೆಗಲು ಹಿಡಿದು ಗಾಡಿಯ ಒಳಗೆ ಕೂರಿಸಿದ. ಅವನ ಸೀಟಿನಲ್ಲಿ, ಮಾರಾಯ್ತಿ! ಅವ ಬಾನೆಟ್ ಹತ್ತಿರ ನಿಂತು, ಅವನ ಫೋನ್ ಎಂಜಿನಿಗೆ ಹಿಡಿದ. ಪರದೆ ಕಪ್ಪಾಗಿತ್ತು, ಯಾರಿಗೂ ಫೋನ್ ಮಾಡಿರಲಿಲ್ಲ. ಒಂದು ಬೆರಳೆತ್ತಿದ. ನಾನು ಒತ್ತಿದೆ.

ಒಂದೇ ಸಲ ಅದು. ಮೂರು ಇಲ್ಲ.

ನಾನು ಎಂಜಿನ್ ಆರಿಸಿ ಇಳಿದ ಮೇಲೆ ಅವ ಹೇಳಿದ್ದು ಇದು: "ನಿನ್ನೆ ನೀನು ಒಂದು ಕಡಿಮೆ ಮಾಡಿದೆ. ಅಪ್ಪ ಯಾವತ್ತೂ ಕಡಿಮೆ ಮಾಡುವವರಲ್ಲ." ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಹತ್ತಿರ ಯಾಕೆ ಕೇಳಲಿಲ್ಲ ಅಂದೆ. "ಕೇಳಿದ್ದರೆ ನೀನು ಹೇಳ್ತಿದ್ದೆ. ಹೇಳಿದ್ದರೆ ಅಪ್ಪ ಹೋಗ್ತಿದ್ದರು." ನನ್ನಿಂದಾಗಿಯೇ ನೀನು ಸೋತೆಯಾ ಅಂತ ಕೇಳಿದೆ. "ಮರಳಿಗೆ ನನ್ನ ಅಪ್ಪನ ವಿಷಯ ಗೊತ್ತಿಲ್ಲ" ಅಂದ. ಆಮೇಲೆ ನನ್ನ ಮುಂದೆ ಸೊಂಟ ಬಾಗಿಸಿ ವಂದಿಸಿದ, ಅವರ ಪದ್ಧತಿಯಂತೆ. ಹಾಗೇ ಬಗ್ಗಿಯೇ ಇದ್ದ, ಏಳಲಿಲ್ಲ. ಅಳ್ತಾ ಇದ್ದ ಅಂತ ನನಗೆ ತಡವಾಗಿ ಗೊತ್ತಾಯ್ತು.

ಇವತ್ತು ಬೆಳಗ್ಗೆ ಅವನನ್ನು ವಿಮಾನಕ್ಕೆ ಬಿಟ್ಟು ಬಂದೆ. ಅವ ನನ್ನ ಹಾಗೆ ತಂಗಿಯ ಮೇಲೆ ಸಿಟ್ಟು ಮಾಡಲಿಲ್ಲ. ದಾರಿಯುದ್ದಕ್ಕೂ ಅವಳ ಹತ್ತಿರ ಮೆಲ್ಲ ಮಾತಾಡ್ತಾ ಇದ್ದ.

ಹಸ್ನಾಳಿಗೆ ಸಲಾಂ. ವಿಟ್ಲದ ನಿನ್ನ ತಾಯಿಗೆ ಸಲಾಂ ಹೇಳುವ ಧೈರ್ಯ ಇಲ್ಲ, ನೀನಾಗಿ ಹೇಳಿದರೆ ಹೇಳು.

ಇಂತಿ, ಈಗಲೂ ನಿನ್ನವನೇ ಅಂತ ನಂಬಿಕೊಂಡಿರುವ,
ಸಿರಾಜ್.

ಇದು ಬೇರೆ ವಾಯ್ಸ್. ತಾಜಾ ಕಲಂ ಅಂತ ತಿಳಿದುಕೋ. ಮೊದಲಿನದನ್ನು ಕಳಿಸಿ ಆಯ್ತು, ಆದರೆ ಅದರಲ್ಲಿ ನಾನು ಒಂದು ಕಡಿಮೆ ಮಾಡಿದ್ದೇನೆ.

ಆ ದಿನ ನೀನು ಫೋನ್ ಮಾಡಿದಾಗ ನಾನು ಗಾಡಿ ಓಡಿಸ್ತಾ ಇರಲಿಲ್ಲ, ಝೀನತ್. ಪೆಟ್ರೋಲ್ ಪಂಪಿನ ಹತ್ತಿರ ನಿಲ್ಲಿಸಿ ಚಾ ಕುಡೀತಾ ಇದ್ದೆ. ನಿನ್ನ ಸ್ವರದ ಹಿಂದೆ ಯಾರೋ ಸಾವಿನ ಮನೆಯಲ್ಲಿ ಓದುವ ಯಾಸೀನ್ ಓದ್ತಾ ಇದ್ದದ್ದು ನನಗೆ ಕೇಳಿಸಿತು. ಹೆಂಗಸರು ಅಳುವುದೂ ಕೇಳಿಸಿತು. "ಗಾಡಿ ಓಡಿಸ್ತಾ ಇದ್ದೀರಾ" ಅಂತ ನೀನು ಕೇಳಿದೆ. ಇಲ್ಲ ಅಂದರೆ ನೀನು ಹೇಳಿಬಿಡ್ತೀ ಅಂತ ಗೊತ್ತಿತ್ತು. ಅದಕ್ಕೇ ಹೌದು ಅಂದೆ. ತಲುಪಿದ ಮೇಲೆ ಸುಸ್ತಾಗಿ ಮಲಗಿದ್ದೂ ಅಲ್ಲ, ಫೋನ್ ಆಫ್ ಮಾಡಿ ಇಟ್ಟಿದ್ದೆ. ಮುಖ ತೋರಿಸದೆ ಇದ್ದದ್ದು ನೀನಲ್ಲ…

ಅದ್ದು ಕರೀತಾ ಇದ್ದಾನೆ. ಡೇರೆ ಬಿಚ್ಚಿ ಲಾರಿಗೆ ಹಾಕ್ಲಿಕ್ಕೆ ಉಂಟು. "ಓ ಸಿರಾಜ್, ಯಲ್ಲಾ ಮಾರಾಯ, ಹೆಂಡತಿ ಹತ್ತಿರ ಆಮೇಲೆ ಮಾತಾಡು" ಅಂತ ಬೊಬ್ಬೆ ಹಾಕ್ತಾನೆ. ಬಂದೆ ಅದ್ದು, ಬಂದೆ!

ಇಡ್ತೇನೆ ಝೀನತ್. ಉಳ್ಳಾಲವಾ, ವಿಟ್ಲವಾ, ಎರಡೂ ಬೇಡವಾ, ಎಂತ ಇದ್ದರೂ ನೇರ ಹೇಳು. ಇವತ್ತು ಗಾಡಿ ನಿಲ್ಲಿಸಿದ್ದೇನೆ.